ಅಡುಗೆಮನೆಯಲ್ಲಿ ಸಿಕ್ಕ ಅಣ್ಣ

ಮಗಳು ಹೋಟೆಲಿಗೆ ಹೋಗಲು ಶುರುಮಾಡಿದ ಮೇಲೆ ಲೊಸೇನಾಳಿಗೆ ತನ್ನ ಅಡುಗೆಮನೆಯಲ್ಲೇ ಮರ್ಯಾದೆ ಇಲ್ಲದಂತಾಗಿತ್ತು. ಈರುಳ್ಳಿ ಹೆಚ್ಚಲು ಕೂತರೆ, "ಅಮ್ಮ, ಹಾಗಲ್ಲ." ಮೀನು ತೊಳೆಯಲು ನಿಂತರೆ, "ಅಮ್ಮ, ಹಾಗಲ್ಲ." ತೆಂಗಿನಹಾಲಿನಲ್ಲಿ ಕೆಸುವಿನ ಸೊಪ್ಪು ಬೇಯಿಸುವುದರಲ್ಲಿ ನೌಸೋರಿ ಮಾರ್ಕೆಟ್ಟಿನಲ್ಲಿ ಅವಳ ಜೊತೆ ಸೊಪ್ಪು ಮಾರುವ ಹೆಂಗಸರೆಲ್ಲ ಒಪ್ಪಿಕೊಂಡ ಕೈ ಅವಳದು. ಈಗ ಅದಕ್ಕೂ ಮಗಳ ತಕರಾರು.

"ಹಾಲು ಅಷ್ಟೊಂದು ಕುದಿಸ್ಬಾರ್ದಮ್ಮ, ಒಡೆದುಹೋಗುತ್ತೆ. ಪೆನಾಯಾ ಶೆಫ್ ಹೇಳಿದ್ರು."

"ಹೌದಾ? ಹಾಗಾದ್ರೆ ಇಷ್ಟು ವರ್ಷ ನೀನು ತಿಂದು ಬೆಳೆದಿದ್ದು ಒಡೆದ ಹಾಲೇ. ಚೆನ್ನಾಗೇ ಬೆಳೆದಿದ್ದೀಯ ಬಿಡು."

ಕೆಲೆರಾ ನಕ್ಕು ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡಳು. ಸೂವಾದ ಕಾಲೇಜಿನಲ್ಲಿ ಅಡುಗೆಯ ಡಿಪ್ಲೊಮಾ ಓದುತ್ತಿದ್ದ ಹುಡುಗಿ, ಇದು ಕೊನೆಯ ವರ್ಷ. ಕಡೆಯ ಕೆಲವು ತಿಂಗಳು ಪಾಠವಿಲ್ಲ, ಪೂರ್ತಿ ಇಂಟರ್ನ್‌ಶಿಪ್ಪೇ. ಸಮುದ್ರದ ದಂಡೆಯ ದೊಡ್ಡ ಹೋಟೆಲೊಂದರಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವನು ಪೆನಾಯಾ. ಹುಡುಗಿ ಕೆಲಸ ಕಲಿತಳು ಎಂದು ಅವನು ಒಪ್ಪಿದರೆ ಡಿಪ್ಲೊಮಾ, ಇಲ್ಲವಾದರೆ ಇಲ್ಲ. ಓದಿಗೆ ಸಿಗುತ್ತಿದ್ದ ಸಹಾಯಧನವೂ ಈ ವರ್ಷಕ್ಕೆ ಮುಗಿಯುತ್ತಿತ್ತು.

ಹಾಗಾಗಿ ದಿನಾ ರಾತ್ರಿ ಊಟಕ್ಕೆ ಕೂತರೆ ಪೆನಾಯಾನದೇ ಪುರಾಣ. ಪೆನಾಯಾ ಹೀಗೆ ಬೈದರು, ಪೆನಾಯಾ ಹಾಗೆ ನಗಿಸಿದರು. ಬಸ್ ಡಿಪೋದಲ್ಲಿ ಟೈರು ಬದಲಿಸಿ ಸುಸ್ತಾಗಿ ಬಂದ ಅಪ್ಪ ಇಸಿಕೇಲಿ ಮರಗೆಣಸು ಅಗಿಯುತ್ತ ಹೂಂಗುಟ್ಟುತ್ತಿದ್ದ. ಅವನ ತಾಯಿ, ಮನೆಯವರೆಲ್ಲ ಬೂಬು ಎಂದು ಕರೆಯುವ ಅಜ್ಜಿ, ಮೂಲೆಯಲ್ಲಿ ಚಾಪೆ ಹೆಣೆಯುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಯಾವೂರವನೇ ಅವನು?" ಎಂದಳು ಒಂದು ದಿನ.

"ಆಚೆ ದ್ವೀಪದ ಲಂಬಾಸಾ ಕಡೆಯವ್ರಂತೆ ಬೂಬು."

"ಲಂಬಾಸಾದಲ್ಲಿ ಯಾರ ಮಗ?"

"ಅದನ್ನೆಲ್ಲ ಯಾರು ಕೇಳ್ತಾರೆ? ಅವ್ರು ನಂಗೆ ಸಾರು ಮಾಡೋದು ಹೇಳ್ಕೊಡ್ತಾರೆ, ವಂಶಾವಳಿ ಅಲ್ಲ."

"ಯಾರ ಮಗ ಅಂತ ತಿಳೀದೆ ಒಬ್ಬರ ಕೈಕೆಳಗೆ ಕೆಲಸ ಮಾಡ್ತಾರೇನೇ? ಕೇಳ್ಕೊಂಡು ಬಾ."

ಕೇಳಿಕೊಂಡು ಬಂದಳು. ಪೆನಾಯಾನ ತಾತನ ಹೆಸರು ನೈಬೂಕಾ. ರೇವಾ ನದಿಯ ಮೇಲ್ಗಡೆಯ ಹಳ್ಳಿಯವನು. ಹರೆಯದಲ್ಲಿ ಲಂಬಾಸಾದ ಸಕ್ಕರೆ ಕಾರ್ಖಾನೆಗೆ ಹೋದವನು ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಅಷ್ಟು ಕೇಳುತ್ತಲೇ ಬೂಬುವಿನ ಕೈಯಿಂದ ಚಾಪೆಯ ಎಳೆ ಜಾರಿತು.

"ನೈಬೂಕಾ! ನಿನ್ನ ತಾತನ ಒಡಹುಟ್ಟಿದ ತಮ್ಮ ಕಣೇ! ಸಾಯೋವರೆಗೂ ನಿನ್ನ ತಾತ ಅವನ ಹೆಸರು ಹೇಳ್ಕೊಂಡು ಕೊರಗಿದ್ರು." ಬೂಬು ಸೆರಗಿಲ್ಲದ ಅಂಗಿಯ ತುದಿಯಲ್ಲೇ ಕಣ್ಣೊರೆಸಿಕೊಂಡಳು.

ಇಸಿಕೇಲಿ ಬೆರಳು ಮಡಿಸಿ ಲೆಕ್ಕ ಹಾಕಿದ. "ಅಂದ್ರೆ ಅವನಪ್ಪ ನಂಗೆ ತಮ್ಮ. ಈ ಹುಡುಗ ನಂಗೆ ಮಗನೇ ಆಗ್ಬೇಕು!"

ಆಗ ಬಾಯಿ ಹಾಕಿದವಳು ಲೊಸೇನಾ. ಆಮೇಲೆ ಎಷ್ಟು ಸಲ ಆ ಮಾತನ್ನು ನುಂಗಿಕೊಳ್ಳಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಂಡಳೋ! "ಮತ್ತೆ ಕೈಕಟ್ಟಿ ಕೂತಿದ್ದೀರಲ್ಲ? ಒಂದು ಕಟ್ಟು ಯಂಗೋನಾ ಬೇರು ತಗೊಂಡು ಹೋಗಿ ಕಂಡು ಬನ್ನಿ. ಸ್ವಂತ ಮನೆಯವನೇ ಅಂತ ಗೊತ್ತಾದ್ರೆ ಹುಡುಗೀಗೆ ಒಳ್ಳೇದಲ್ವಾ?"

"ಹೋದ್ರೆ ಎಲ್ಲಾ ಕ್ರಮವಾಗೇ ಆಗ್ಬೇಕು," ಎಂದಳು ಬೂಬು.

"ಆಗ್ಲಿ ಅತ್ತೆ, ಕ್ರಮವಾಗೇ ಆಗ್ಲಿ."

ಯಾವ ಕ್ರಮ ಎಂದು ಲೊಸೇನಾ ಕೇಳಲಿಲ್ಲ. ಅವಳು ಕಡಲಕರೆಯ ಬೇರೆ ಸೀಮೆಯ ಹೆಣ್ಣು. ಅವಳ ತವರಿನಲ್ಲಿ ಅಣ್ಣಂದಿರು ಇವತ್ತಿಗೂ ಅವಳ ಜಡೆ ಎಳೆದು ಕಾಡುತ್ತಾರೆ. ಗಂಡನ ಹಳ್ಳಿಯಲ್ಲಿ ಹಾಗಲ್ಲ. ಅಣ್ಣತಂಗಿಯರು ದೊಡ್ಡವರಾದ ಮೇಲೆ ಒಬ್ಬರ ಮುಖ ನೋಡಿ ಒಬ್ಬರು ಮಾತಾಡುವಂತಿಲ್ಲ, ಅದು ತಂಬು, ನಿಷಿದ್ಧ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೂ ಅದೇ ಕಟ್ಟು. ಇದು ಅವಳಿಗೆ ತಿಳಿಯದ ವಿಷಯವೇನಲ್ಲ. ಆದರೆ ಕೆಲೆರಾ ಒಬ್ಬಳೇ ಮಗಳು, ಮನೆಯಲ್ಲಿ ಅಣ್ಣನೂ ಇಲ್ಲ ತಮ್ಮನೂ ಇಲ್ಲ. ಆ ಕಟ್ಟಿನ ನೆನಪು ಬರುವ ಸಂದರ್ಭವೇ ಬಂದಿರಲಿಲ್ಲ. ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಆ ಯಂಗೋನಾ ಕಾಣಿಕೆಗೆ ಮಾರ್ಕೆಟ್ಟಿನಲ್ಲಿ ಒಳ್ಳೆಯ ಬೇರುಗಳನ್ನೇ ಆರಿಸಿ, ಕೆಂಪು ರಿಬ್ಬನ್ನು ಸುತ್ತಿ, ಕಟ್ಟನ್ನು ಅವಳೇ ಗಂಡನ ಕೈಗಿತ್ತಳು.

ಇಸಿಕೇಲಿ ತೇಲುತ್ತ ತೇಲುತ್ತ ಮನೆಗೆ ಬಂದ. "ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟ ಕಣೇ. ತನಗೆ ಅಪ್ಪನ ಕಡೆಯವರು ಅಂತ ಯಾರೂ ಇಲ್ಲ ಅಂದ್ಕೊಂಡಿದ್ದನಂತೆ. ಇನ್ನೇನು, ನಮ್ಮ ಹುಡುಗಿ ಡಿಪ್ಲೊಮಾ ಕೈಯಲ್ಲಿದ್ದ ಹಾಗೆ."

ಮರುದಿನ ಸಂಜೆ ಕೆಲೆರಾ ಚಪ್ಪಲಿ ಬಿಟ್ಟು ಒಳಗೆ ಬಂದವಳು ಸೌಟಿನ ತಂಟೆಗೇ ಹೋಗಲಿಲ್ಲ.

"ಏನಾಯ್ತೇ?"

"ಮಾತಾಡ್ಲಿಲ್ಲ."

"ಯಾರು?"

"ಅಣ್ಣ."

ಮೊದಮೊದಲು ಅದು ಮನೆಯಲ್ಲಿ ನಗುವಿನ ಸಂಗತಿಯೇ ಆಗಿತ್ತು. ಪಾತ್ರೆ ತೊಳೆಯುವ ಪ್ರೇಮಲತಾ ಎಂಬ ಹೆಂಗಸನ್ನು ನಡುವೆ ನಿಲ್ಲಿಸಿಕೊಂಡು ಪೆನಾಯಾ ಪಾಠ ಹೇಳುತ್ತಿದ್ದನಂತೆ. "ಪ್ರೇಮಲತಾ, ಆ ಒಲೆ ಹತ್ರ ಇರೋರಿಗೆ ಹೇಳು, ಉಪ್ಪು ಜಾಸ್ತಿಯಾಯ್ತು ಅಂತ." ಪ್ರೇಮಲತಾ ತಿರುಗಿ, "ಒಲೆ ಹತ್ರ ಇರೋರೇ, ಉಪ್ಪು ಜಾಸ್ತಿಯಾಯ್ತಂತೆ. ಇನ್ನು ಫ್ರಿಜ್ ಹತ್ರ ಇರೋರಿಗೆ ಹೇಳಿ, ಈ ಕೆಲಸಕ್ಕೆ ನಂಗೆ ಬೇರೆ ಸಂಬಳ ಬೇಕು ಅಂತ," ಎಂದಳಂತೆ. ಇಸಿಕೇಲಿ ತೊಡೆ ತಟ್ಟಿ ನಕ್ಕ.

ಬೂಬು ನಗಲಿಲ್ಲ. ಅವಳಿಗೆ ಹೆಮ್ಮೆ. "ನೋಡಿದ್ರಾ? ಎಲ್ಲೋ ಬೆಳೆದ ಹುಡುಗ, ನಮ್ಮ ಕ್ರಮ ಬಿಟ್ಟಿಲ್ಲ. ಎಂಥ ಮರ್ಯಾದೆ!"

ಮರ್ಯಾದೆಯೇನೋ ಸರಿಯೇ. ಆದರೆ ಅಡುಗೆಮನೆ ಓಡುವುದು ಬಾಯಿಯ ಮೇಲೆ. ದೊಡ್ಡವನು ಕೂಗಬೇಕು, ಚಿಕ್ಕವರು ತಿರುಗಿ ಕೂಗಬೇಕು. ಬೆಂದಿದೆಯಾ, ಬೆಂದಿದೆ. ತಟ್ಟೆ ಬಂತಾ, ಬಂತು. ಪ್ರೇಮಲತಾ ಪಾತ್ರೆ ತೊಳೆಯಬೇಕೋ, ಇವರಿಬ್ಬರ ನಡುವೆ ಓಡಾಡಬೇಕೋ? ದಿನ ಕಳೆದಂತೆ ಪೆನಾಯಾ ಕೆಲೆರಾಳನ್ನು ಒಲೆಯ ಕೆಲಸದಿಂದ ದೂರವಿಟ್ಟ. ದ್ವೇಷಕ್ಕಲ್ಲ, ಮಾತಿನ ಅಗತ್ಯವಿಲ್ಲದ ಕೆಲಸ ಅವಳಿಗಿರಲಿ ಎಂದು. ಅಂಥ ಕೆಲಸ ಒಂದೇ, ಆಲೂಗಡ್ಡೆಯ ಸಿಪ್ಪೆ ತೆಗೆಯುವುದು.

ಎಲ್ಲರ ಮೇಲಿನ ಹೆಡ್ ಶೆಫ್ ನ್ಯೂಜಿಲೆಂಡಿನವನು. ಒಂದು ದಿನ ಬಂದು ನೋಡಿ, "ಈ ಹುಡುಗಿ ಏನೂ ಕೇಳೋದಿಲ್ಲ, ಕೇಳಿದ್ರೆ ಹೇಳೋದಿಲ್ಲ. ಇವಳಿಗೆ ಆಸಕ್ತಿಯೇ ಇಲ್ವಾ?" ಎಂದನಂತೆ. ಪೆನಾಯಾ ತಲೆ ತಗ್ಗಿಸಿ ನಿಂತನಂತೆ.

ಇದನ್ನು ಕೇಳಿದ ದಿನ ಲೊಸೇನಾ ಊಟದ ತಟ್ಟೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು.

"ಅದು ಹೋಟೆಲು ಅತ್ತೆ, ನಿಮ್ಮ ಹಳ್ಳಿಯಲ್ಲ."

"ಹೋಟೆಲ್ ಬಾಗಿಲು ದಾಟಿದ್ರೆ ಅಣ್ಣ ಅಣ್ಣನಾಗಿ ಉಳಿಯೋದಿಲ್ವೇ?"

"ಕೆಲಸದ ಮಾತು ಆಡಿದ್ರೆ ಆಕಾಶ ಬೀಳುತ್ತಾ? ನಮ್ಮ ಕಡೆ ಎಲ್ಲರೂ ಆಡ್ತಾರೆ."

"ನಿಮ್ಮ ಕಡೆ ವಿಷಯ ಬಿಡು," ಎಂದಳು ಬೂಬು ಚಾಪೆಯಿಂದ ತಲೆಯೆತ್ತದೆ. "ನಿಮ್ಮ ಕಡೆಯವರು ಏನಾಡ್ತಾರೆ, ಏನಾಡೋದಿಲ್ಲ, ನಂಗೆ ಗೊತ್ತಿಲ್ವಾ?"

"ಏನ್ರೀ, ನೀವಾದ್ರೂ ಹೇಳಿ!"

ಇಸಿಕೇಲಿ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಕೂತಿದ್ದ. "ನಾನೇನು ಮಾಡ್ಲಿ? ಕೊಟ್ಟ ಯಂಗೋನಾ ವಾಪಸ್ ಕೊಡು ಅಂತ ಕೇಳ್ಲಾ?" ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅದನ್ನೇ ನೋಡುತ್ತ ಕೂತ.

"ಕೆಲೆರಾ, ನೀನೇ ಮೊದಲು ಮಾತಾಡಿಬಿಡೇ. ಏನಾಗುತ್ತೋ ನೋಡೋಣ."

"ಹೇಗಮ್ಮ? ನಾನು ಎದುರಿಗೆ ಬಂದ್ರೆ ಅಣ್ಣ ನೆಲ ನೋಡ್ತಾರೆ. ನಾನು ಮಾತಾಡಿದ್ರೆ ನಾಲ್ಕು ಜನರ ಮುಂದೆ ಅವ್ರ ಮುಖಕ್ಕೆ ಹೊಡೆದ ಹಾಗಾಗುತ್ತೆ." ಮತ್ತೆ ಮೆಲ್ಲಗೆ ಹೇಳಿದಳು, "ಅಣ್ಣ ಆಗೋಕೆ ಮುಂಚೆ ತುಂಬ ಒಳ್ಳೆಯವ್ರಾಗಿದ್ರು."

ಹೀಗೇ ವಾರಗಳು ಉರುಳಿದವು. ಹುಡುಗಿ ಈಗ ಮನೆಯಲ್ಲೂ ತಪ್ಪು ಹುಡುಕುತ್ತಿರಲಿಲ್ಲ. ತೆಂಗಿನಹಾಲು ಕೊತಕೊತ ಕುದಿದರೂ ಸುಮ್ಮನಿರುತ್ತಿದ್ದಳು. "ಹಾಗಲ್ಲ" ಅನ್ನೇ ಒಂದು ಸಲ, ಎಂದು ಲೊಸೇನಾಳಿಗೆ ಅನಿಸುತ್ತಿತ್ತು.

ಒಂದು ಶುಕ್ರವಾರ ಲೊಸೇನಾ ಮಾರ್ಕೆಟ್ಟಿನಿಂದ ಬರುವ ಹೊತ್ತಿಗೆ ಕೆಲೆರಾ ಮನೆಯಲ್ಲಿದ್ದಳು. ಕಾಲೇಜಿನವರು ಕೊಟ್ಟ ಚಾಕುಗಳ ಚೀಲ ಬಾಗಿಲ ಬಳಿ ಬಿದ್ದಿತ್ತು. ಬಿಳಿ ಕೋಟನ್ನು ಬಕೆಟ್ಟಿನಲ್ಲಿ ನೆನೆಹಾಕಿ ಉಜ್ಜುತ್ತಿದ್ದಳು.

"ಯಾಕೆ ಇಷ್ಟು ಬೇಗ ಬಂದೆ?"

"ಇನ್ನು ಬರ್ಬೇಡ ಅಂದ್ರು."

ಎಷ್ಟು ಕೇಳಿದರೂ ಮುಂದಕ್ಕೆ ಬಾಯಿ ಬಿಡಲಿಲ್ಲ. ಸಂಜೆ ಕಾಲೇಜಿನ ಮೇಡಂ ಲೊಸೇನಾಳ ಫೋನಿಗೆ ಕರೆ ಮಾಡಿದಳು. ಗಿರಾಕಿಯೊಬ್ಬರ ಊಟದ ತಟ್ಟೆಯನ್ನು ಕೆಲೆರಾ ಎಲ್ಲರ ಮುಂದೆ ಬೇಕೆಂದೇ ನೆಲಕ್ಕೆ ತಳ್ಳಿದಳಂತೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. "ನಿಮ್ಮ ಹುಡುಗಿ ಅಂಥವಳಲ್ಲ ಅಂತ ನಂಗೂ ಗೊತ್ತು. ಏನೋ ನಡೆದಿದೆ. ಮುಂದಿನ ವಾರ ಕಳೆದು ಬರೋ ಸೋಮವಾರ ಕಮಿಟಿ ಕೂರುತ್ತೆ. ಅವಳನ್ನ ಕರ್ಕೊಂಡು ಬಂದು ನಿಜ ಏನು ಅಂತ ಹೇಳಿಸಿ. ಕಾರಣ ಸರಿಯಿದ್ರೆ ಬೇರೆ ಹೋಟೆಲಲ್ಲಿ ಜಾಗ ಕೊಡಿಸ್ತೀನಿ. ಹೇಳ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ನಿಜ ಹೊರಗೆ ಬರಲು ಪೂರ್ತಿ ಒಂದು ವಾರ ಹಿಡಿಯಿತು. ಶನಿವಾರ ಅಮ್ಮ ಮಗಳಿಬ್ಬರೇ ಹಿತ್ತಿಲಲ್ಲಿದ್ದರು. ಕೆಲೆರಾ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು, ಲೊಸೇನಾ ಹಿಂಡಿ ಹಾಲು ತೆಗೆಯುತ್ತಿದ್ದಳು.

"ಅವತ್ತು ಮದುವೆ ಪಾರ್ಟಿ ಇತ್ತಮ್ಮ. ಒಬ್ಬ ಹೆಂಗಸಿಗೆ ಏಡಿ ಸೇರೋದಿಲ್ಲ, ತಿಂದ್ರೆ ಗಂಟಲು ಕಟ್ಟಿ ಉಸಿರು ನಿಲ್ಲುತ್ತೆ ಅಂತ ಬೆಳಿಗ್ಗೇನೇ ಹೇಳಿದ್ರು. ಅವ್ರಿಗೆ ಅಂತ ಬೇರೆ ಸಾರು ಇಟ್ಟಿದ್ವಿ. ಎರಡು ಪಾತ್ರೆ ಅಕ್ಕಪಕ್ಕ. ಅಣ್ಣ ಅವಸರದಲ್ಲಿ ಅವ್ರ ತಟ್ಟೆಗೆ ಏಡಿ ಸಾರನ್ನೇ ಹಾಕಿಬಿಟ್ರು."

"ಹೇಳ್ಬೇಕಿತ್ತಲ್ವೇನೇ!"

"ಪ್ರೇಮಲತಾ ಆಂಟಿ ಅವತ್ತು ರಜಾ." ಕಾಯಿ ತುರಿಯುವ ಕೈ ನಿಂತಿತು. "ಸೌಟು ತಗೊಂಡು ಪಾತ್ರೆಗೆ ಬಡಿದೆ. ಅಣ್ಣ ಈ ಕಡೆ ತಿರುಗ್ಲಿಲ್ಲ. ಬಡಿದಿದ್ದು ನಾನು ಅಂತ ಗೊತ್ತಾಗೇ ತಿರುಗ್ಲಿಲ್ಲ. ಬಡಿಸೋ ಹುಡುಗ ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟ. ಬಾಯಿ ತೆಗೆದೆ ಅಮ್ಮ, ನಿಜವಾಗ್ಲೂ ತೆಗೆದೆ, ಸ್ವರವೇ ಬರ್ಲಿಲ್ಲ. ಓಡಿಹೋಗಿ ತಳ್ಳಿಬಿಟ್ಟೆ."

"ಆಮೇಲೆ ಹೆಡ್ ಶೆಫ್ ಕೇಳಿದಾಗ?"

"ಅಣ್ಣ ಪಕ್ಕದಲ್ಲೇ ನಿಂತಿದ್ರು. ಅವ್ರ ತಪ್ಪು ಅಂತ ಅವ್ರ ಮುಂದೆ ಹೇಗೆ ಹೇಳ್ಲಿ?"

"ಅವನಿಗೆ ಗೊತ್ತಾಯ್ತಾ?"

"ಚೆಲ್ಲಿದ್ದ ಸಾರಿನ ಬಣ್ಣ ನೋಡಿದ ತಕ್ಷಣ ಗೊತ್ತಾಯ್ತು. ಮುಖ ಬೆಳ್ಳಗಾಯ್ತು."

"ಗೊತ್ತಾಗಿಯೂ ಸುಮ್ನಿದ್ನಾ?"

ಕೆಲೆರಾ ಮತ್ತೆ ತುರಿಯತೊಡಗಿದಳು. ಲೊಸೇನಾ ಕೈಯಲ್ಲಿದ್ದ ತುರಿಯನ್ನು ಸಿಟ್ಟಿನಲ್ಲಿ ಕೊನೆಯ ಹನಿಯವರೆಗೂ ಹಿಂಡಿದಳು. ಸಿಟ್ಟಿನ ಜೊತೆಗೇ ಎಷ್ಟೋ ದಿನಗಳ ಮೇಲೆ ಜೀವಕ್ಕೆ ಒಂದಿಷ್ಟು ಧೈರ್ಯವೂ ಬಂತು. ಮಗಳು ತಪ್ಪು ಮಾಡಿಲ್ಲ. ಮಾಡಿದ್ದು ಪುಣ್ಯದ ಕೆಲಸ.

"ಸೋಮವಾರ ನಾನೇ ಬರ್ತೀನಿ. ನೀನು ಬಾಯಿ ಬಿಡೋದೂ ಬೇಡ. ನಾನು ಹೇಳ್ತೀನಿ. ನಂಗೆ ಅವನು ಅಣ್ಣನೂ ಅಲ್ಲ ತಮ್ಮನೂ ಅಲ್ಲ."

ರಾತ್ರಿ ಗಂಡನಿಗೂ ಹೇಳಿದಳು. ಇಸಿಕೇಲಿ ತಲೆ ಕೆರೆದುಕೊಂಡ, ನಿಟ್ಟುಸಿರು ಬಿಟ್ಟ, ಕೊನೆಗೆ, "ಹೋಗಿ ಬಾ. ಹುಡುಗಿ ಬಾಳಿನ ಪ್ರಶ್ನೆ," ಎಂದ. ಬೂಬು ಪಕ್ಕದ ಕೋಣೆಯಲ್ಲಿ ಕೆಮ್ಮಿದಳು. ಬೇಡ ಎಂದು ಮಾತ್ರ ಅವಳೂ ಅನ್ನಲಿಲ್ಲ. ಲೊಸೇನಾ ಚರ್ಚಿಗೆ ಉಡುವ ಉದ್ದನೆಯ ಬಟ್ಟೆಯನ್ನೇ ಸೋಮವಾರಕ್ಕೂ ಇರಲಿ ಎಂದು ಇಸ್ತ್ರಿ ಮಾಡಿ ತೂಗುಹಾಕಿದಳು.

ಭಾನುವಾರ ಚರ್ಚಿನಿಂದ ಬಂದು ಆ ಬಟ್ಟೆಯನ್ನು ಮತ್ತೆ ಮೊಳೆಗೆ ತೂಗುಹಾಕಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಪಕ್ಕದ ಮನೆಯ ಹುಡುಗ ಓಡಿಬಂದು, ಮಧ್ಯಾಹ್ನ ನಿಮ್ಮ ಮನೆಗೆ ಜನ ಬರುತ್ತಾರಂತೆ ಎಂದು ಸುದ್ದಿ ಮುಟ್ಟಿಸಿದ. ಪೆನಾಯಾ ಬರುತ್ತಾನೆ. ಜೊತೆಗೆ ಮಾತಾಡಲು ಅವನ ತಾಯಿಯ ಕಡೆಯ ಒಬ್ಬ ಹಿರಿಯರು.

ಲೊಸೇನಾ ಅತ್ತೆಯ ಕಡೆ ತಿರುಗಿದಳು. "ನಾಳೆ ಸೋಮವಾರ, ಇವತ್ತೇ ಬರ್ಬೇಕಾಗಿತ್ತಾ ಅವನಿಗೆ?"

"ಬರೋರಿಗೆ ಬಾಗಿಲು ಹಾಕೋಕಾಗುತ್ತಾ?" ಎಂದಳು ಬೂಬು. "ಊಟಕ್ಕೆ ಏನಿದೆ ನೋಡು."

ಊಟಕ್ಕೆ ಕೆಲೆರಾಳೇ ನಿಂತಳು. ಮೀನನ್ನು ಸಣ್ಣಗೆ ಹೆಚ್ಚಿ ನಿಂಬೆರಸದಲ್ಲಿ ನೆನೆಸಿಟ್ಟು, ಹಿಂಡಿ, ಹಸಿ ತೆಂಗಿನಹಾಲು, ಈರುಳ್ಳಿ, ಮೆಣಸಿನಕಾಯಿ ಬೆರೆಸಿ ಕೊಕೊಂಡಾ ಮಾಡಿದಳು. ಒಂದೊಂದು ತುಂಡೂ ಒಂದೇ ಅಳತೆ. ಲೊಸೇನಾ ನೋಡುತ್ತ ನಿಂತಳು, ಹೇಳಿಕೊಡಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಗಂಡಸರು ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ಅಣ್ಣ ಬಂದಾಗ ತಂಗಿ ಎದುರಿಗೆ ಬರುವಂತಿಲ್ಲ. ಅಡುಗೆಮನೆಗೂ ನಡುಮನೆಗೂ ನಡುವಿನ ಹೂವಿನ ಪರದೆಯ ಈಚೆ ಅಮ್ಮ ಮಗಳು ಕೂತರು. ಪರದೆಯ ಸಂದಿನಲ್ಲಿ ಲೊಸೇನಾಳಿಗೆ ಕಂಡದ್ದು ಪೆನಾಯಾನ ಬಾಗಿದ ಬೆನ್ನು. ಅವನ ಮುಂದೆ ಎಣ್ಣೆ ಹಚ್ಚಿ ಹಚ್ಚಿ ಕೆಂಪೇರಿದ ತಿಮಿಂಗಿಲದ ಹಲ್ಲು, ಹುರಿಹಗ್ಗದ ಸಮೇತ. ಅದನ್ನು ನೋಡಿದ ಕೂಡಲೇ ಅವಳಿಗೆ ತಿಳಿದುಹೋಯಿತು. ಕ್ಷಮೆ ಕೇಳಲು ಬಂದಿದ್ದಾನೆ. ಅಂಥದ್ದನ್ನು ಮುಂದಿಟ್ಟು ಕೇಳಿದ ಕ್ಷಮೆಯನ್ನು ಇಲ್ಲವೆಂದವರು ಆ ಸೀಮೆಯಲ್ಲಿ ಯಾರೂ ಇಲ್ಲ. ಒಪ್ಪಿದ ಮೇಲೆ ಆ ವಿಷಯವನ್ನು ಮತ್ತೆ ಎಲ್ಲೂ ಎತ್ತುವಂತಿಲ್ಲ, ಯಾರ ಮುಂದೆಯೂ.

ಹಿರಿಯರು ಮಾತಾಡಿದರು. ತಪ್ಪು ಈ ಹುಡುಗನದೇ. ಪಾತ್ರೆ ಗುರುತಿಸದೆ ಹೋದ. ಒಂದು ಜೀವ ಉಳಿಸಿದವಳು ಈ ಮನೆಯ ಮಗಳು. ಅದನ್ನು ಅಲ್ಲಿ ಹೇಳುವ ಧೈರ್ಯ ಇವನಿಗೆ ಬರಲಿಲ್ಲ. ಮೊದಲೇ ಒಂದು ಸಲ ಎಚ್ಚರಿಕೆ ಸಿಕ್ಕಿದೆ, ಇನ್ನೊಂದಾದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಅನ್ನ ಕೊಡುವ ದಾರಿ ಅದೊಂದೇ. ಅಪ್ಪನ ಮನೆ ಈಗಷ್ಟೇ ಸಿಕ್ಕಿದೆ, ಈ ಮನೆ ಅವನನ್ನು ದೂರ ಮಾಡಬಾರದು.

ಪೆನಾಯಾನ ಭುಜ ಅದುರುತ್ತಿತ್ತು. ಅಳು ನಾಟಕದ್ದಲ್ಲ. ನಾಟಕವಾಗಿದ್ದರೆ ಲೊಸೇನಾ ಪರದೆ ಕಿತ್ತೆಸೆದು ನಡುಮನೆಗೆ ನುಗ್ಗುತ್ತಿದ್ದಳೋ ಏನೋ.

ಇಸಿಕೇಲಿ ಹಲ್ಲಿಗೆ ತಕ್ಷಣ ಕೈ ಚಾಚಲಿಲ್ಲ. ಒಂದು ಸಲ ಪರದೆಯ ಕಡೆ ನೋಡಿದ. ಬೇಡ, ತಗೋಬೇಡಿ, ಎಂದು ಲೊಸೇನಾ ಬಾಯೊಳಗೇ ಬೇಡಿಕೊಂಡಳು. ಇಸಿಕೇಲಿ ಅಮ್ಮನ ಕಡೆ ನೋಡಿದ. ಬೂಬು ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ಸಿಕ್ಕ ಮೊಮ್ಮಗನಿಗೋ, ಕಳಕೊಳ್ಳುತ್ತಿದ್ದ ಮೊಮ್ಮಗಳಿಗೋ ದೇವರಿಗೇ ಗೊತ್ತು. ಕೊನೆಗೆ ಇಸಿಕೇಲಿ ಎರಡೂ ಕೈ ಚಾಚಿ ಹಲ್ಲನ್ನು ಎತ್ತಿಕೊಂಡ. ಒಪ್ಪಿದ್ದೇವೆ, ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂದ. ಒಪ್ಪಿಗೆಯ ಗುರುತಾಗಿ ಬೊಗಸೆ ಮಾಡಿದ ಕೈಗಳ ಚಪ್ಪಾಳೆ ಮೆಲ್ಲಗೆ, ಒಟ್ಟಾಗಿ ಕೇಳಿಬಂತು.

ಲೊಸೇನಾ ಗೋಡೆಯ ಮೊಳೆಗೆ ತೂಗುಹಾಕಿದ್ದ ಇಸ್ತ್ರಿ ಬಟ್ಟೆಯನ್ನು ನೋಡಿದಳು. "ನಾನು ಹೋಗೇ ಹೋಗ್ತೀನಿ," ಎಂದು ಪಿಸುಗುಟ್ಟಿದಳು. "ಯಾರೇನಾದ್ರೂ ಅಂದ್ಕೊಳ್ಲಿ."

"ಬೇಡಮ್ಮ. ಅಪ್ಪ ಕೊಟ್ಟ ಮಾತು."

"ಅಪ್ಪ ಕೊಟ್ಟಿದ್ದು ಮಾತಲ್ಲ ಕಣೇ, ನಿನ್ನನ್ನ!"

"ಮೆಲ್ಲಗೆ ಅಮ್ಮ. ಕೇಳಿಸುತ್ತೆ." ಕೆಲೆರಾ ಬಟ್ಟಲುಗಳನ್ನು ಒರೆಸಿ ಸಾಲಾಗಿ ಇಟ್ಟಳು. "ನಾಳೆ ನಾನೂ ನಿನ್ನ ಜೊತೆ ಮಾರ್ಕೆಟ್ಟಿಗೆ ಬರ್ತೀನಿ. ಸೊಪ್ಪಿನ ಕಟ್ಟು ಭಾರ ಅಂತಿದ್ಯಲ್ಲ."

ಲೊಸೇನಾ ಬಟ್ಟಲುಗಳನ್ನು ಎತ್ತಿಕೊಂಡಳು. ಊಟ ಬಡಿಸಬೇಕಿತ್ತು, ಬಡಿಸಿದಳು. ನಡುಮನೆಯಲ್ಲಿ ಎಲ್ಲರ ಮುಖ ಮಳೆ ನಿಂತಂತೆ ಹಗುರಾಗಿತ್ತು. ಪೆನಾಯಾ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ. ಬಟ್ಟಲನ್ನೇ ನೋಡಿದ. ಆಮೇಲೆ ಬೂಬುವಿನ ಕಡೆ ತಿರುಗಿ ನಿಧಾನವಾಗಿ ಹೇಳಿದ:

"ಇದನ್ನ ಮಾಡಿದವರಿಗೆ ಹೇಳಿ ಬೂಬು. ಉಪ್ಪು, ಹುಳಿ, ಮೀನಿನ ಕೊಯ್ತ, ಯಾವುದರಲ್ಲೂ ಒಂದು ಕೂದಲೆಳೆಯಷ್ಟು ತಪ್ಪಿಲ್ಲ. ನನ್ನ ಹತ್ರ ಕಲಿಯೋಕೆ ಬಂದವರಲ್ಲಿ ಇಂಥ ಕೈ ನಾನು ನೋಡಿಲ್ಲ."

ಬೂಬು ಪರದೆಯ ಕಡೆ ಮುಖ ಮಾಡಿ ಕೂಗಿದಳು. "ಕೇಳಿಸ್ತೇನೇ ಕೆಲೆರಾ? ನಿನ್ನ ಅಣ್ಣ ಏನಂದ ಕೇಳಿಸ್ತೇನೇ?"

"ಕೇಳಿಸ್ತು ಬೂಬು," ಎಂದಳು ಕೆಲೆರಾ ಪರದೆಯ ಈಚೆಯಿಂದ. ಕೈ ಆಗಲೇ ಸೌಟಿಗೆ ಹೋಗಿತ್ತು. "ಇನ್ನೊಂದಿಷ್ಟು ಬೇಕಾ ಕೇಳಿ."

"ಇನ್ನೊಂದಿಷ್ಟು ಬೇಕಾ ಅಂತೆ."

"ಬೇಕು ಅನ್ನಿ ಬೂಬು."

ಕೆಲೆರಾ ಬಟ್ಟಲು ತುಂಬಿಸಿ, ಅಂಚಿಗೆ ತಾಗಿದ ಹಾಲನ್ನು ಬಟ್ಟೆಯಲ್ಲಿ ಒರೆಸಿ, ಹೋಟೆಲಿನಲ್ಲಿ ಕಲಿತ ಹಾಗೆ ಮೇಲೊಂದು ನಿಂಬೆಯ ಬಿಲ್ಲೆ ಇಟ್ಟು ಅಮ್ಮನ ಕೈಗೆ ಕೊಟ್ಟಳು. ಲೊಸೇನಾ ಪರದೆ ಸರಿಸಿ ಅದನ್ನು ಒಯ್ದು ಪೆನಾಯಾನ ಮುಂದಿಟ್ಟಳು.